ಪಂದ್ಯ ತೋರಿಸುವ ಹಕ್ಕನ್ನು ಮಾರುವವರಿಗೂ ಕೊಳ್ಳುವವರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಕ್ರೀಡಾ ಮಂಡಳಿಗಳು, ಒಕ್ಕೂಟಗಳು ಹಾಗೂ ಲೀಗ್‌ಗಳ ಅಧ್ಯಕ್ಷರು ಮತ್ತು ಪದಾಧಿಕಾರಿಗಳು;
ಪ್ರಸಾರ ಹಕ್ಕು ಕೊಳ್ಳುವ ಚಾನೆಲ್ ಮತ್ತು ಸ್ಟ್ರೀಮಿಂಗ್ ಸಂಸ್ಥೆಗಳ ಮುಖ್ಯಸ್ಥರು.

ವಿಷಯ: ಕಡಿಮೆ ಆದಾಯದ ಮನೆಗಳಿಗೆ ಟಿವಿಯಲ್ಲಿ ಆಟ ನೋಡುವುದು ಕೈಗೆಟುಕದಂತಾಗಿರುವ ಬಗ್ಗೆ.

ಮಾನ್ಯರೇ,

ನನ್ನ ಹೆಸರು ತಮಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ತಾವು ಜಾಹೀರಾತುದಾರರ ಮುಂದೆ ಕುಳಿತು ‘ನಮಗೆ ಇಷ್ಟು ಕೋಟಿ ಅಭಿಮಾನಿಗಳಿದ್ದಾರೆ’ ಎಂದು ಹೇಳುವಾಗ ಆ ಲೆಕ್ಕದಲ್ಲಿ ನಾನೂ ಒಬ್ಬ. ಮೈದಾನಕ್ಕೆ ಹೋಗಿ ಪಂದ್ಯ ನೋಡಿದ್ದು ಈ ವಯಸ್ಸಿನವರೆಗೆ ಎರಡೇ ಸಲ. ಉಳಿದದ್ದೆಲ್ಲ ಮನೆಯ ಟಿವಿಯಲ್ಲಿ, ಅದೂ ಅಪ್ಪನ ಪಕ್ಕದಲ್ಲಿ ಕೂತು. ಈಗ ಅದೂ ತಪ್ಪಿಹೋಗುತ್ತಿದೆ. ಹೇಗೆ ತಪ್ಪಿತು ಎಂಬುದನ್ನು ಕಂಡಂತೆ ಹೇಳಿ, ಕೆಲವು ವಿಷಯ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಹೋದ ಸೀಸನ್ನಿನ ಫೈನಲ್ ರಾತ್ರಿಯಿಂದಲೇ ಶುರು ಮಾಡುತ್ತೇನೆ. ಆ ಪಂದ್ಯವಿದ್ದ ಆ್ಯಪ್‌ಗೆ ನಾವು ಹಣ ಕಟ್ಟಿರಲಿಲ್ಲ. ಲೀಗ್ ಹಂತದ ಪಂದ್ಯಗಳಿಗೆಂದು ಕಟ್ಟಿದ್ದು ಬೇರೆ ಆ್ಯಪ್‌ಗೆ. ಫೈನಲ್ ಅಲ್ಲಿಲ್ಲ ಎಂಬುದು ಆ ದಿನ ಸಂಜೆಯವರೆಗೆ ನಮಗೆ ತಿಳಿದಿರಲಿಲ್ಲ. ತಿಂಗಳ ಕೊನೆಯ ವಾರ, ಇನ್ನೊಂದಕ್ಕೆ ಕಟ್ಟುವ ಸ್ಥಿತಿ ಇರಲಿಲ್ಲ. ಅಪ್ಪ ‘ಇರಲಿ ಬಿಡು’ ಎಂದು ಫೋನ್ ತೆಗೆದುಕೊಂಡು ಸ್ಕೋರ್ ಪುಟ ತೆರೆದರು. ಅವರ ಕಣ್ಣಿಗೆ ಆ ಅಕ್ಷರ ಸಣ್ಣದು. ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಸಾಲು ಓದುತ್ತಿದ್ದರು. ಗೋಡೆಯಾಚೆಯ ಮನೆಯಲ್ಲಿ ಪಂದ್ಯ ನಡೆಯುತ್ತಿತ್ತು. ಅಲ್ಲಿಂದ ‘ಹೋ’ ಎಂಬ ಕೂಗು ಬಂದಾಗಲೆಲ್ಲ ಅಪ್ಪ ಫೋನಿನ ಮೇಲೆ ಬೆರಳೆಳೆದು, ಪುಟ ಹೊಸದಾಗುವವರೆಗೆ ನನ್ನ ಮುಖ ನೋಡುತ್ತಿದ್ದರು. ಸಂತೋಷದ ಕೂಗೋ ಸಂಕಟದ ಕೂಗೋ ಗೊತ್ತಾಗುವುದಕ್ಕೆ ಅರ್ಧ ನಿಮಿಷ ಬೇಕಿತ್ತು. ಐವತ್ತು ವರ್ಷ ಆ ಆಟವನ್ನು ಹಿಂಬಾಲಿಸಿದ ಮನುಷ್ಯ, ತನ್ನ ತಂಡ ಗೆದ್ದದ್ದನ್ನು ಪಕ್ಕದ ಮನೆಯ ಗೋಡೆಯಿಂದ ತಿಳಿದುಕೊಂಡರು.

ಪಕ್ಕದ ಮನೆಗೆ ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಒಂದು ಸಲ ಹೋಗಬಹುದು, ಎರಡು ಸಲ ಹೋಗಬಹುದು. ಪ್ರತಿ ಪಂದ್ಯಕ್ಕೂ ಬೇರೆಯವರ ಬಾಗಿಲು ತಟ್ಟುವುದಕ್ಕೆ ವಯಸ್ಸಾದವರ ಸ್ವಾಭಿಮಾನ ಒಪ್ಪುವುದಿಲ್ಲ.

ಟಿವಿಯಲ್ಲಿ ಆಟ ಬಂದ ಮೊದಲ ದಿನಗಳು ಹೀಗಿರಲಿಲ್ಲ. ಒಲಿಂಪಿಕ್ಸ್ ಮೊದಲ ಬಾರಿಗೆ ಟಿವಿಯಲ್ಲಿ ನೇರ ಪ್ರಸಾರವಾದದ್ದು 1936ರಲ್ಲಿ, ಬರ್ಲಿನ್ನಿನಲ್ಲಿ. ಆಗ ಮನೆಯಲ್ಲಿ ಟಿವಿ ಇದ್ದವರು ಯಾರೂ ಇಲ್ಲವೆನ್ನುವಷ್ಟು ಕಡಿಮೆ. ಜನ ಊರಿನ ಸಾರ್ವಜನಿಕ ವೀಕ್ಷಣಾ ಕೊಠಡಿಗಳಲ್ಲಿ ಸೇರಿ ನೋಡಿದರು. ಆಗಿನ ನಾಜಿ ಸರ್ಕಾರದ ಉದ್ದೇಶ ಕೆಟ್ಟದ್ದೇ ಇತ್ತು, ಅದು ಬೇರೆ ಮಾತು. ಆದರೆ ಆಟವನ್ನು ಪರದೆಯ ಮೇಲೆ ನೋಡುವ ಅಭ್ಯಾಸ ಹುಟ್ಟಿದ್ದು ಹತ್ತು ಜನ ಒಟ್ಟಿಗೆ ಕೂರುವ ಜಾಗದಲ್ಲಿ. 1966ರ ವಿಶ್ವಕಪ್ ಫುಟ್ಬಾಲ್ ಫೈನಲ್ಲನ್ನು ಬ್ರಿಟನ್ ಒಂದರಲ್ಲೇ 3 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಅದನ್ನು ನೋಡಿದ ಮಕ್ಕಳೇ ಮುಂದೆ ಆಟಗಾರರಾದರು, ತಮ್ಮ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದರು, ತಂಡದ ಅಂಗಿ ಕೊಂಡರು. ಇಂದು ತಾವು ಹರಾಜಿಗಿಡುತ್ತಿರುವ ಆಸ್ತಿಯ ಬೆಲೆಯನ್ನು ಬೆಳೆಸಿದ್ದು ಆ ಜನ. ಅವರ ಪ್ರೀತಿಯೇ ಆ ಬೆಲೆಯ ಬಂಡವಾಳ ಎಂಬುದನ್ನು ಮೊದಲು ತಮ್ಮ ಮುಂದಿಡುತ್ತಿದ್ದೇನೆ.

ಬೆಲೆ ಎಷ್ಟು ಬೆಳೆದಿದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಫುಟ್ಬಾಲ್ ಪ್ರೀಮಿಯರ್ ಲೀಗ್ 1992ರಲ್ಲಿ ಐದು ಸೀಸನ್ನುಗಳ ಪ್ರಸಾರ ಹಕ್ಕನ್ನು ಮಾರಿದಾಗ ಘೋಷಿಸಿದ ಮೊತ್ತ 30.4 ಕೋಟಿ ಪೌಂಡ್. 2025ರಿಂದ ಶುರುವಾದ ನಾಲ್ಕು ಸೀಸನ್ನುಗಳಿಗೆ ಅದೇ ದೇಶದೊಳಗಿನ ಹಕ್ಕು 670 ಕೋಟಿ ಪೌಂಡ್. ಸೀಸನ್ ಲೆಕ್ಕದಲ್ಲಿ ನೋಡಿದರೆ 27 ಪಟ್ಟಿಗೂ ಹೆಚ್ಚು. ತೋರಿಸುವ ಪಂದ್ಯಗಳೂ ಹೆಚ್ಚಾಗಿವೆ, ಒಪ್ಪುತ್ತೇನೆ. ಐಪಿಎಲ್ 2022ರ ಜೂನ್‌ನಲ್ಲಿ ಮುಂದಿನ ಐದು ವರ್ಷಗಳ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಆ ಹರಾಜಿನಲ್ಲಿ ಟಿವಿ ಹಕ್ಕು ಒಬ್ಬರಿಗೆ ಹೋಯಿತು, ಡಿಜಿಟಲ್ ಹಕ್ಕು ಇನ್ನೊಬ್ಬರಿಗೆ. ಇಷ್ಟು ಹಣ ಕೊಟ್ಟವರು ಅದನ್ನು ಎಲ್ಲಿಂದ ವಸೂಲು ಮಾಡಬೇಕು? ಒಂದು ಪಾಲು ಜಾಹೀರಾತಿನಿಂದ, ಉಳಿದದ್ದು ನಮ್ಮಿಂದ. ಹರಾಜಿನ ಕೋಣೆಯಲ್ಲಿ ನಮಗೆ ಕುರ್ಚಿ ಇಲ್ಲ, ಆದರೆ ಕೊನೆಯಲ್ಲಿ ಬಿಲ್ ನಮ್ಮ ಮನೆಗೇ ಬರುತ್ತದೆ.

ಸುಮ್ಮನೆ ದರ ಏರಿದ್ದರೆ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಎಲ್ಲದರ ದರವೂ ಏರುತ್ತದೆ, ಬಡವರಿಗೆ ಅದು ಹೊಸದಲ್ಲ. ನನ್ನ ದೂರಿನ ತಿರುಳು ಇರುವುದು ತಾವು ಹಕ್ಕನ್ನು ತುಂಡು ಮಾಡಿ ಮಾರುವ ರೀತಿಯಲ್ಲಿ.

ಯುರೋಪಿನ ದೇಶಗಳ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಒಳ್ಳೆಯ ಉದ್ದೇಶದಿಂದಲೇ ಒಂದು ಕೆಲಸ ಮಾಡಿತು. ಪ್ರೀಮಿಯರ್ ಲೀಗಿನ ಎಲ್ಲ ನೇರ ಪ್ರಸಾರವೂ ಒಂದೇ ಸಂಸ್ಥೆಯ ಕೈಯಲ್ಲಿರಬಾರದು, ಪೈಪೋಟಿ ಇರಬೇಕು ಎಂದು ಒತ್ತಾಯಿಸಿತು. ಅದರಂತೆ 2007ರಿಂದ ಪಂದ್ಯಗಳನ್ನು ಆರು ಕಟ್ಟುಗಳಾಗಿ ಮಾಡಿ, ಆರನ್ನೂ ಒಬ್ಬರೇ ಕೊಳ್ಳುವಂತಿಲ್ಲ ಎಂಬ ನಿಯಮ ಬಂತು. ನಾಲ್ಕು ಕಟ್ಟು ಸ್ಕೈ ಎಂಬ ಚಾನೆಲ್ ಸಂಸ್ಥೆಗೆ, ಎರಡು ಸೆಟಾಂಟಾ ಎಂಬ ಇನ್ನೊಂದಕ್ಕೆ. ಫಲ ಏನಾಯಿತೆಂದರೆ, ಹಿಂದೆ ಒಂದು ಕಡೆ ಚಂದಾ ಕಟ್ಟುತ್ತಿದ್ದ ಅಭಿಮಾನಿ ಈಗ ಎರಡು ಕಡೆ ಕಟ್ಟಬೇಕಾಯಿತು. ಎರಡನೆಯ ಸಂಸ್ಥೆ 2009ರಲ್ಲಿ ಬ್ರಿಟನ್ನಿನಲ್ಲಿ ಬಾಗಿಲು ಮುಚ್ಚಿತು. ಅದರ ಜಾಗಕ್ಕೆ ಇನ್ನೊಬ್ಬರು ಬಂದರು. ಎರಡು ಚಂದಾ ಮಾತ್ರ ಉಳಿದುಕೊಂಡಿತು.

ಇದನ್ನು ಪೈಪೋಟಿ ಎನ್ನುವುದು ಸರಿಯಲ್ಲ. ಒಂದೇ ದಾರಿಯಲ್ಲಿ ಇಬ್ಬರು ಬಸ್ ಓಡಿಸಿದರೆ ಟಿಕೆಟ್ ದರ ಇಳಿಯುತ್ತದೆ. ಅರ್ಧ ದಾರಿಯನ್ನು ಒಬ್ಬರಿಗೂ ಉಳಿದ ಅರ್ಧವನ್ನು ಇನ್ನೊಬ್ಬರಿಗೂ ಕೊಟ್ಟು, ಒಬ್ಬರ ದಾರಿಗೆ ಇನ್ನೊಬ್ಬರು ಬರಕೂಡದು ಎಂದರೆ ಪ್ರಯಾಣಿಕ ಎರಡು ಟಿಕೆಟ್ ಕೊಳ್ಳಬೇಕು, ನಡುದಾರಿಯಲ್ಲಿ ಇಳಿದು ಹತ್ತಬೇಕು. ನನ್ನ ತಂಡದ ಶನಿವಾರದ ಪಂದ್ಯಕ್ಕೆ ಬದಲಾಗಿ ಬೇರೆ ತಂಡದ ಭಾನುವಾರದ ಪಂದ್ಯ ನೋಡಿ ಸಮಾಧಾನ ಪಟ್ಟುಕೊಳ್ಳಿ ಎಂದರೆ ಯಾವ ಅಭಿಮಾನಿ ಒಪ್ಪುತ್ತಾನೆ? ಸೋಪಿನಲ್ಲಿ ಒಂದು ಬಿಟ್ಟರೆ ಇನ್ನೊಂದು ಇದೆ. ಪಂದ್ಯಕ್ಕೆ ಬದಲಿ ಇಲ್ಲ. ಒಂದೇ ಪಂದ್ಯವನ್ನು ಇಬ್ಬರು ತೋರಿಸಿದಾಗ ಮಾತ್ರ ನನಗೆ ಆಯ್ಕೆ ಹುಟ್ಟುತ್ತದೆ, ದರ ಇಳಿಸುವ ಒತ್ತಡವೂ ಹುಟ್ಟುತ್ತದೆ. ತಾವು ಇಂದಿಗೂ ‘ಎಕ್ಸ್‌ಕ್ಲೂಸಿವ್’ ಎಂಬ ಒಂದು ಪದವನ್ನು ಅತಿ ಹೆಚ್ಚು ಬೆಲೆಗೆ ಮಾರುತ್ತೀರಿ. ಆ ಪದದ ಅರ್ಥ, ಬೇರೆ ಕಡೆ ನೋಡುವವರೆಲ್ಲ ಹೊರಗೆ ಎಂದೇ.

ತುಂಡು ಮಾಡುವುದರ ಜೊತೆಗೆ ಇನ್ನೊಂದು ನಡೆಯುತ್ತಿದೆ, ಒಟ್ಟು ಸೇರಿಸಿ ಮಾರುವುದು. ಎರಡರ ಹೊರೆಯೂ ನಮ್ಮ ಜೇಬಿನ ಮೇಲೇ ಬೀಳುತ್ತದೆ. ಬ್ರಿಟನ್ನಿನಲ್ಲಿ ಯುರೋಸ್ಪೋರ್ಟ್ ಎಂಬ ಚಾನೆಲ್ ಇತ್ತು. ಸೈಕಲ್ ರೇಸ್ ನೋಡುವವರು ತಿಂಗಳಿಗೆ 6.99 ಪೌಂಡ್ ಕಟ್ಟಿ ಆ್ಯಪ್‌ನಲ್ಲಿ ಅದನ್ನು ನೋಡುತ್ತಿದ್ದರು. 2025ರ ಫೆಬ್ರುವರಿ ಕೊನೆಗೆ ಆ ಚಾನೆಲ್ ಮುಚ್ಚಿ, ಅದರ ರೇಸುಗಳನ್ನು ಟಿಎನ್‌ಟಿ ಸ್ಪೋರ್ಟ್ಸ್‌ಗೆ ಸೇರಿಸಿದರು. ಆಗ ಅಲ್ಲಿನ ಚಂದಾ ತಿಂಗಳಿಗೆ 30.99 ಪೌಂಡ್ ಇತ್ತು. ಅದರಲ್ಲಿ ಫುಟ್ಬಾಲ್ ಇದೆ, ರಗ್ಬಿ ಇದೆ, ಇನ್ನೂ ಏನೇನೋ ಇದೆ. ಸೈಕಲ್ ರೇಸನ್ನಷ್ಟೇ ಪ್ರೀತಿಸುವ ಒಬ್ಬ ನಿವೃತ್ತ ನೌಕರನಿಗೆ ಅವೆಲ್ಲ ಬೇಕಿರಲಿಲ್ಲ. ಅವನು ನೋಡುವ ಆಟ ಅದೇ, ರಸ್ತೆ ಅದೇ, ಗುಡ್ಡ ಅದೇ. ಬೆಲೆ ಮಾತ್ರ ನಾಲ್ಕು ಪಟ್ಟು ದಾಟಿತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ದಿನಗೂಲಿಯಲ್ಲೋ ಸಣ್ಣ ಸಂಬಳದಲ್ಲೋ ಬದುಕುವವರಿಗೆ ತಿಂಗಳ ಮೊದಲ ವಾರ ಮತ್ತು ಕೊನೆಯ ವಾರ ಒಂದೇ ಅಲ್ಲ. ಆಟದ ವೇಳಾಪಟ್ಟಿ ಇದನ್ನು ನೋಡಿ ಬರುವುದಿಲ್ಲ. ತಮ್ಮ ದರಪಟ್ಟಿಯಲ್ಲಿ ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ತಿಂಗಳಿಗೆ ತೀರಾ ಕಡಿಮೆ ಬೀಳುತ್ತದೆ, ತಿಂಗಳು ತಿಂಗಳು ಕಟ್ಟಿದರೆ ಜಾಸ್ತಿ. ವರ್ಷದ ಹಣವನ್ನು ಒಂದೇ ಸಲ ತೆಗೆದಿಡಲು ಯಾರಿಗೆ ಸಾಧ್ಯ? ಈಗಾಗಲೇ ಇರುವವರಿಗೆ. ಹಾಗಾಗಿ ಅದೇ ಪಂದ್ಯಕ್ಕೆ ಉಳ್ಳವರು ಕಡಿಮೆ ಕೊಡುತ್ತಾರೆ, ಇಲ್ಲದವರು ಹೆಚ್ಚು ಕೊಡುತ್ತಾರೆ. ಇದನ್ನು ಯಾರೋ ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಆದರೆ ಹೀಗಾಗುತ್ತದೆ ಎಂಬುದು ದರ ನಿಗದಿ ಮಾಡುವವರಿಗೆ ಗೊತ್ತಿರದೇ ಇರಲಾರದು.

ಚಂದಾ ನಿಲ್ಲಿಸಲು ಹೋದಾಗಿನ ಅನುಭವವನ್ನೂ ಹೇಳಬೇಕು. ಸೇರಿದ್ದು ಎರಡು ಸಲ ಬೆರಳು ಒತ್ತಿ, ಒಂದು ನಿಮಿಷದೊಳಗೆ. ಟೂರ್ನಿ ಮುಗಿದ ಮೇಲೆ ಬಿಡೋಣವೆಂದು ಹೋದೆ. ಮೊದಲ ಪುಟ ‘ನಿಜವಾಗಿಯೂ ಬಿಡುತ್ತೀರಾ’ ಎಂದು ಕೇಳಿತು. ಎರಡನೆಯದು ಇನ್ನು ಮುಂದೆ ನಾನು ಏನೇನು ಕಳೆದುಕೊಳ್ಳುತ್ತೇನೆ ಎಂದು ಚಿತ್ರಸಮೇತ ತೋರಿಸಿತು. ಮೂರನೆಯದು ಕಾರಣ ಕೇಳಿತು. ಅಲ್ಲಿದ್ದ ಕಾರಣಗಳಲ್ಲಿ ‘ಹಣವಿಲ್ಲ’ ಎಂಬುದು ಇರಲಿಲ್ಲ, ‘ಇತರೆ’ ಒತ್ತಿದೆ. ನಾಲ್ಕನೆಯ ಪುಟದಲ್ಲಿ ದೊಡ್ಡ ಬಣ್ಣದ ಗುಂಡಿ ‘ಮುಂದುವರಿಸಿ’ ಎಂದಿತ್ತು. ಬಿಡುವುದನ್ನು ಮುಂದುವರಿಸುವುದೋ ಚಂದಾ ಮುಂದುವರಿಸುವುದೋ ಎಂಬುದು ಅದರಲ್ಲಿರಲಿಲ್ಲ. ಅದನ್ನೇ ಒತ್ತಿ ಫೋನ್ ಕೆಳಗಿಟ್ಟೆ. ಮುಂದಿನ ತಿಂಗಳು, ಒಂದೂ ಪಂದ್ಯವಿಲ್ಲದ ತಿಂಗಳು, ಖಾತೆಯಿಂದ ಹಣ ಹೋಯಿತು. ಸಹಾಯವಾಣಿಗೆ ಮೂರು ದಿನ ಬರೆದೆ. ನಿಯಮದಂತೆ ಹಿಂತಿರುಗಿಸಲು ಬರುವುದಿಲ್ಲ ಎಂಬ ಒಂದೇ ಉತ್ತರ ಮೂರೂ ದಿನ ಬಂತು. ಅದು ದೊಡ್ಡ ಮೊತ್ತವಲ್ಲ. ಆದರೆ ಆ ತಿಂಗಳು ಬೇರೆ ಯಾವುದಕ್ಕೋ ಎಂದು ತೆಗೆದಿಟ್ಟ ಮೊತ್ತ ಅದಾಗಿತ್ತು.

ನೆರೆಯ ಹುಡುಗನೊಬ್ಬ ಕದ್ದು ತೋರಿಸುವ ಲಿಂಕ್ ಒಂದನ್ನು ಕಳಿಸಿದ್ದ. ನಾನು ತೆರೆಯಲಿಲ್ಲ. ಅದು ತಪ್ಪು ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಜೊತೆಗೆ ಅಂಥ ಲಿಂಕು ತೆರೆದು ಫೋನಿನಲ್ಲಿ ಬೇಡದ್ದೆಲ್ಲ ಸೇರಿಕೊಂಡು ಪರದಾಡಿದವರನ್ನು ಕಂಡಿದ್ದೇನೆ. ತಾವು ಕಳ್ಳ ಪ್ರಸಾರದ ವಿರುದ್ಧ ಕೋರ್ಟಿಗೆ ಹೋಗುವುದು ನ್ಯಾಯವೇ. ಅದರ ಜೊತೆಗೆ, ನ್ಯಾಯವಾಗಿ ನೋಡಬೇಕೆನ್ನುವವನಿಗೆ ಅವನ ಶಕ್ತಿಗೆ ತಕ್ಕ ಒಂದು ಬಾಗಿಲನ್ನಾದರೂ ತೆರೆದಿಡಿ ಎನ್ನುತ್ತೇನೆ.

ತಮ್ಮ ಕಡೆಯ ಮಾತು ನನಗೆ ಗೊತ್ತಿಲ್ಲವೆಂದಲ್ಲ. ಪ್ರಸಾರದ ಹಣದಿಂದಲೇ ಆಟ ಬೆಳೆಯುತ್ತದೆ, ಆಟಗಾರರಿಗೆ ಗೌರವದ ಸಂಭಾವನೆ ಸಿಗುತ್ತದೆ, ಮಹಿಳಾ ತಂಡಗಳಿಗೆ, ಕಿರಿಯರ ತರಬೇತಿಗೆ ಅದೇ ಆಧಾರ ಎನ್ನುತ್ತೀರಿ. ಇದರಲ್ಲಿ ಸತ್ಯವಿದೆ. ಅದಕ್ಕೇ ಈ ಮಾತನ್ನೇ ನಂಬಿ ನಡೆದ ಒಂದು ಮಂಡಳಿಯ ಕಥೆಯನ್ನು ತಮಗೆ ನೆನಪಿಸಬೇಕು.

2005ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಆ್ಯಷಸ್ ಟೆಸ್ಟ್ ಸರಣಿಯನ್ನು ಕ್ರಿಕೆಟ್ ಬಲ್ಲವರು ಮರೆಯುವುದಿಲ್ಲ. ಚಾನೆಲ್ 4 ಅದನ್ನು ಉಚಿತವಾಗಿ ತೋರಿಸಿತು. ಟ್ರೆಂಟ್ ಬ್ರಿಜ್ ಟೆಸ್ಟಿನ ಕೊನೆಯ ಹೊತ್ತಿಗೆ 84 ಲಕ್ಷ ಜನ ನೋಡುತ್ತಿದ್ದರು. ಕ್ರಿಕೆಟ್ ಬಗ್ಗೆ ಏನೂ ಗೊತ್ತಿಲ್ಲದವರೂ ಆ ಬೇಸಿಗೆಯಲ್ಲಿ ಸ್ಕೋರ್ ಕೇಳುತ್ತಿದ್ದರಂತೆ. ಆದರೆ ಆ ಸರಣಿ ಶುರುವಾಗುವುದಕ್ಕೂ ಮುಂಚೆ, 2004ರ ಕೊನೆಯಲ್ಲೇ, 2006ರಿಂದ ಎಲ್ಲ ನೇರ ಪ್ರಸಾರವನ್ನೂ ಹಣ ಕಟ್ಟಿದವರಿಗೆ ಮಾತ್ರ ತೋರಿಸುವ ಸ್ಕೈಗೆ ಕೊಡಲು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ನಿರ್ಧರಿಸಿ ಆಗಿತ್ತು. ಮುಂದಿನ ಸಲ ಇಂಗ್ಲೆಂಡಿನಲ್ಲಿ ಆ್ಯಷಸ್ ನಡೆದದ್ದು 2009ರಲ್ಲಿ. ಇಂಗ್ಲೆಂಡ್ ಆಗಲೂ ಗೆದ್ದಿತು. ಕೊನೆಯ ಟೆಸ್ಟಿನಲ್ಲಿ ಸ್ಕೈನ ನೋಡುಗರು ಅತಿ ಹೆಚ್ಚೆಂದರೆ ಸುಮಾರು 19 ಲಕ್ಷ. ಆಟ ಅದೇ, ಎದುರಾಳಿ ಅದೇ, ಫಲಿತಾಂಶವೂ ಅದೇ. ಉಳಿದ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಎಲ್ಲಿ ಹೋದರು? ಅವರಿಗೆ ಕ್ರಿಕೆಟ್ ಬೇಸರವಾಗಿರಲಿಲ್ಲ. ಅವರು ಬಾಗಿಲಾಚೆ ಇದ್ದರು.

ಹತ್ತು ವರ್ಷ ಕಳೆದು, 2019ರ ವಿಶ್ವಕಪ್ ಫೈನಲ್ ಬಂತು. ಇಂಗ್ಲೆಂಡ್ ಫೈನಲ್ ತಲುಪಿದರೆ ಪಂದ್ಯವನ್ನು ಉಚಿತ ಚಾನೆಲ್ಲಿನಲ್ಲೂ ತೋರಿಸಲು ಸ್ಕೈ ತಾನಾಗಿ ಒಪ್ಪಿತು. ಅಂದು ಚಾನೆಲ್ 4ರಲ್ಲೇ ಒಂದು ಹಂತದಲ್ಲಿ ಸುಮಾರು 45 ಲಕ್ಷ ಜನ ಆ ಸೂಪರ್ ಓವರ್ ನೋಡಿದರು. ಸ್ಕೈ ಸಂಸ್ಥೆ ಅದರಿಂದ ಮುಳುಗಿಹೋಗಲಿಲ್ಲ. ಅವರ ಆ ಒಂದು ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಂಡಳಿಯೂ 2020ರಿಂದಾಚೆಗಿನ ಒಪ್ಪಂದದಲ್ಲಿ ಕೆಲವು ಪಂದ್ಯಗಳನ್ನು ಬಿಬಿಸಿಯ ಉಚಿತ ಚಾನೆಲ್‌ಗೆ ಮರಳಿ ಕೊಟ್ಟಿತು. ಹಣ ಬೇಕು ಎಂದು ಬಾಗಿಲು ಹಾಕಿದವರೇ ಜನ ಬೇಕು ಎಂದು ಅದನ್ನು ಅರ್ಧ ತೆರೆದರು. ಆ ನಡುವೆ ಬೆಳೆದ ಮಕ್ಕಳು ಒಂದು ಇಡೀ ಬಾಲ್ಯವನ್ನು ಆ ಆಟವಿಲ್ಲದೆ ಕಳೆದರು.

ಮಕ್ಕಳ ಮಾತು ಬಂತೆಂದು ಹೇಳುತ್ತಿದ್ದೇನೆ. ನನ್ನ ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಫುಟ್ಬಾಲ್ ಆಡುತ್ತಾಳೆ. ಗೋಲು ಹೊಡೆದವರು ಓಡಿ ಮಂಡಿಯ ಮೇಲೆ ಜಾರುವುದು, ಕೈ ಚಾಚುವುದು ಎಲ್ಲ ಅವಳಿಗೆ ಬರುತ್ತದೆ. ಫೋನಿನಲ್ಲಿ ಇಪ್ಪತ್ತು ಸೆಕೆಂಡಿನ ತುಣುಕುಗಳು ಬರುತ್ತವಲ್ಲ, ಅದನ್ನು ನೋಡಿ ಕಲಿತದ್ದು. ಒಂದು ದಿನ ಒಂದು ಪೂರ್ತಿ ಪಂದ್ಯ ನೋಡುವ ಅವಕಾಶ ಸಿಕ್ಕಿತು. ಇಪ್ಪತ್ತು ನಿಮಿಷವಾದರೂ ಗೋಲು ಬರಲಿಲ್ಲ. ‘ಇವರು ಯಾಕೆ ಚೆಂಡನ್ನು ಹಿಂದಕ್ಕೇ ಕೊಡುತ್ತಿದ್ದಾರೆ?’ ಎಂದು ಕೇಳಿದಳು. ಎದುರಾಳಿಯನ್ನು ಮುಂದಕ್ಕೆ ಎಳೆದು ಹಿಂದೆ ಜಾಗ ಮಾಡಿಕೊಳ್ಳುತ್ತಿದ್ದಾರೆ ಎಂದು ಅಪ್ಪ ಅವಳಿಗೆ ಬೆರಳು ತೋರಿಸಿ ವಿವರಿಸಿದರು. ಅವಳು ಮುಂದೆ ಬಾಗಿ ಕೂತಳು. ಅರ್ಧ ವಿರಾಮದ ಹೊತ್ತಿಗೆ ಯಾರು ಎಲ್ಲಿ ಖಾಲಿ ಇದ್ದಾರೆ ಎಂದು ಅವಳೇ ಹೇಳತೊಡಗಿದ್ದಳು. ತುಣುಕಿನಲ್ಲಿ ಗೋಲು ಸಿಗುತ್ತದೆ. ಗೋಲಿಗೆ ಮುಂಚಿನ ನಲವತ್ತು ನಿಮಿಷದ ಕಾಯುವಿಕೆ ಸಿಗುವುದಿಲ್ಲ. ಆಟ ಕಲಿಯುವುದು ಆ ನಲವತ್ತು ನಿಮಿಷದಲ್ಲಿ, ಅದೂ ಪಕ್ಕದಲ್ಲಿ ಬಲ್ಲವರೊಬ್ಬರು ಕೂತಿದ್ದಾಗ. ಅಂಥ ಪಂದ್ಯ ಅವಳಿಗೆ ವರ್ಷಕ್ಕೆ ಒಂದೋ ಎರಡೋ.

‘ಆಟ ನೋಡುವುದು ಅನ್ನ ನೀರಿನಂಥ ಅಗತ್ಯವಲ್ಲ, ಶಕ್ತಿ ಇದ್ದವರು ನೋಡಲಿ’ ಎನ್ನುವವರೂ ಇದ್ದಾರೆ. ಅನ್ನ ನೀರಿನಂಥದ್ದಲ್ಲ, ನಿಜ. ಆದರೆ ತಂಡಕ್ಕೆ ದೇಶದ ಹೆಸರಿಟ್ಟು, ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ನುಡಿಸಿ, ಸಾರ್ವಜನಿಕರ ತೆರಿಗೆಯಿಂದ ಎಷ್ಟೋ ಕ್ರೀಡಾಂಗಣಗಳನ್ನು ಕಟ್ಟಿಸಿಕೊಂಡು, ಗೆದ್ದಾಗ ‘ಇದು ಇಡೀ ನಾಡಿನ ಗೆಲುವು’ ಎಂದು ಹೇಳಿದ ಮೇಲೆ, ಆ ಗೆಲುವನ್ನು ನೋಡಲು ನಾಡಿನ ಅರ್ಧ ಜನರಿಗೆ ಆಗದಂತೆ ಮಾಡುವುದು ಒಪ್ಪತಕ್ಕದ್ದಲ್ಲ. ಇದು ನನ್ನೊಬ್ಬನ ಅನಿಸಿಕೆಯೂ ಅಲ್ಲ. 1993ರ ಹೀರೋ ಕಪ್ ಕ್ರಿಕೆಟ್ ಟೂರ್ನಿಯ ಪ್ರಸಾರದ ಜಗಳದಿಂದ ಹುಟ್ಟಿದ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಒಂದು ಮಾತು ಹೇಳಿತು: ಪ್ರಸಾರ ಸಾಗುವ ವಾಯುತರಂಗಗಳು ಸಾರ್ವಜನಿಕ ಆಸ್ತಿ. ಅದನ್ನು ಬಳಸುವವರು ಸಾರ್ವಜನಿಕ ಹಿತವನ್ನೂ ನೋಡಬೇಕು. ಇಂದು ಪಂದ್ಯ ಇಂಟರ್‌ನೆಟ್ ತಂತಿಯಲ್ಲಿ ಬರುತ್ತದೆ ಎಂಬ ಕಾರಣಕ್ಕೆ ಆ ಮಾತಿನ ಹಿಂದಿರುವ ನ್ಯಾಯ ಹಳತಾಗಬೇಕಿಲ್ಲ.

ಬೇರೆ ಬೇರೆ ದೇಶಗಳು ಇದಕ್ಕೆ ಕಾನೂನನ್ನೇ ಮಾಡಿಕೊಂಡಿವೆ. ಆಸ್ಟ್ರೇಲಿಯಾ 1992ರ ತನ್ನ ಪ್ರಸಾರ ಕಾಯ್ದೆಯಲ್ಲೇ ಕೆಲವು ಮುಖ್ಯ ಪಂದ್ಯಗಳನ್ನು ಉಚಿತ ಚಾನೆಲ್‌ಗಳ ಕೈತಪ್ಪಿಸಿ ಹಣದ ಚಾನೆಲ್‌ಗಳು ಮೊದಲೇ ಕೊಳ್ಳದಂತೆ ತಡೆ ಹಾಕಿತು; 2024ರಲ್ಲಿ ಆ ತಡೆಯನ್ನು ಸ್ಟ್ರೀಮಿಂಗ್ ಸಂಸ್ಥೆಗಳಿಗೂ ವಿಸ್ತರಿಸಿತು. ಬ್ರಿಟನ್ನಿನ 1996ರ ಕಾಯ್ದೆಯಡಿ ಒಲಿಂಪಿಕ್ಸ್, ಫುಟ್ಬಾಲ್ ವಿಶ್ವಕಪ್, ವಿಂಬಲ್ಡನ್ ಫೈನಲ್‌ನಂಥವು ಉಚಿತ ಚಾನೆಲ್‌ಗಳಿಗೆ ಸಿಗುವಂತಿರಬೇಕು. ಇಂಥ ಪಟ್ಟಿಗಳಿಂದ ತಮ್ಮ ಆಸ್ತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂದು ವಿಶ್ವ ಫುಟ್ಬಾಲ್ ಒಕ್ಕೂಟ ಫಿಫಾ ಮತ್ತು ಯುರೋಪಿನ ಫುಟ್ಬಾಲ್ ಒಕ್ಕೂಟ ಯುಇಎಫ್‌ಎ ಯುರೋಪಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋದವು; 2013ರ ಜುಲೈನಲ್ಲಿ ಸೋತವು. ಭಾರತದ 2007ರ ಕಾಯ್ದೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು ಹೇಳುತ್ತದೆ. ಹಂಚಿಕೊಂಡವರಿಗೆ ನಷ್ಟವಾಗದಿರಲೆಂದು ಟಿವಿ ಜಾಹೀರಾತು ಆದಾಯದಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಕ್ಕುದಾರರಿಗೇ ಹೋಗುತ್ತದೆ. ಆದರೆ ಆ ಸಿಗ್ನಲ್ ಪ್ರಸಾರ ಭಾರತಿಯ ಸ್ವಂತ ಜಾಲದಲ್ಲಿ ಮಾತ್ರ, ಕೇಬಲ್‌ನಲ್ಲಿ ಹಾಯುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಅರ್ಥೈಸಿತು. ಆ ಸೌಲಭ್ಯ ಅಷ್ಟರಮಟ್ಟಿಗೆ ಕಿರಿದಾಯಿತು. ಕಾನೂನಿನಲ್ಲಿ ಸಂದು ಹುಡುಕುವ ವಕೀಲರು ತಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಕಾನೂನಿನ ಮಾತಿಗಿಂತ ತಮ್ಮ ಮನಸ್ಸಿನ ಒಪ್ಪಿಗೆಯನ್ನು ಕೇಳುತ್ತಿದ್ದೇನೆ.

ಉಚಿತವಾಗಿ ತೋರಿಸಿದರೆ ದಿವಾಳಿಯಾಗುತ್ತೇವೆ ಎಂಬ ಹೆದರಿಕೆಗೆ ಆಧಾರ ಕಡಿಮೆ. ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ, ಅತಿ ದುಬಾರಿ ಜಾಹೀರಾತಿನ ಕಾರ್ಯಕ್ರಮ ಸೂಪರ್ ಬೌಲ್, ಅಂದರೆ ಅಲ್ಲಿನ ಅಮೆರಿಕನ್ ಫುಟ್ಬಾಲ್ ಲೀಗಿನ ಫೈನಲ್. ಅದು ಇಂದಿಗೂ ಆಂಟೆನಾ ಇದ್ದ ಯಾವ ಮನೆಗಾದರೂ ಉಚಿತವಾಗಿ ಬರುತ್ತದೆ. 2025ರಲ್ಲಿ ಸರಾಸರಿ 12 ಕೋಟಿಗೂ ಹೆಚ್ಚು ಜನ ನೋಡಿದರು. ಅದೇ ಲೀಗ್ 2024ರ ಜನವರಿಯಲ್ಲಿ ಮೊದಲ ಬಾರಿಗೆ ಒಂದು ಪ್ಲೇಆಫ್ ಪಂದ್ಯವನ್ನು, ಆಡುವ ಎರಡು ತಂಡಗಳ ಊರುಗಳನ್ನು ಬಿಟ್ಟು ಉಳಿದೆಡೆಗೆಲ್ಲ, ಚಂದಾ ಕಟ್ಟಬೇಕಾದ ಪೀಕಾಕ್ ಆ್ಯಪ್ ಒಂದಕ್ಕೇ ಕೊಟ್ಟಾಗ ಅಭಿಮಾನಿಗಳು ಸಿಟ್ಟಾದದ್ದು ಸಹಜವೇ. 2023ರಲ್ಲಿ ಐಪಿಎಲ್ಲನ್ನು ಜಿಯೋಸಿನಿಮಾ ಉಚಿತವಾಗಿ ತೋರಿಸಿದಾಗ ಫೈನಲ್ ದಿನ ಒಂದೇ ಹೊತ್ತಿನಲ್ಲಿ 3.2 ಕೋಟಿ ಜನ ನೋಡುತ್ತಿದ್ದರು. ಬಾಗಿಲು ತೆರೆದಾಗ ಎಷ್ಟು ಜನ ಒಳಗೆ ಬರುತ್ತಾರೆ ಎಂಬುದು ತಮ್ಮದೇ ದಾಖಲೆಗಳಲ್ಲಿದೆ. ಎರಡು ವರ್ಷದ ಬಳಿಕ ಅದೇ ಪಂದ್ಯಗಳು ಚಂದಾದ ಹಿಂದೆ ಹೋದವು. ಮೊದಲು ಉಚಿತವಾಗಿ ಕೊಟ್ಟು ಅಭ್ಯಾಸ ಮಾಡಿಸಿ ಆಮೇಲೆ ಬೆಲೆ ಕೇಳಿದಾಗ ಮನೆಯ ಹಿರಿಯರಿಗೆ ಹೇಗೆ ವಿವರಿಸಬೇಕೆಂದು ನಮಗೆ ತೋಚುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು.

ಎಲ್ಲಕ್ಕಿಂತ ಮೊದಲನೆಯದು, ದೇಶದ ಹೆಸರಿನಲ್ಲಿ ಆಡುವ ತಂಡಗಳ ಮುಖ್ಯ ಪಂದ್ಯಗಳನ್ನೂ, ಪುರುಷರದಿರಲಿ ಮಹಿಳೆಯರದಿರಲಿ, ಪ್ರತಿ ದೊಡ್ಡ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್ಲುಗಳನ್ನೂ ಎಲ್ಲರಿಗೂ ಉಚಿತವಾಗಿ ತೋರಿಸಿ. ಜಾಹೀರಾತು ಎಷ್ಟು ಬೇಕಾದರೂ ಹಾಕಿಕೊಳ್ಳಿ, ನೋಡುತ್ತೇವೆ. ಇಷ್ಟೊಂದನ್ನು ಒಪ್ಪಿದರೂ ನಮ್ಮಂಥ ಎಷ್ಟೋ ಮನೆಗಳ ಬೇಸರ ಅರ್ಧಕ್ಕರ್ಧ ಇಳಿಯುತ್ತದೆ.

ಉಳಿದ ಪಂದ್ಯಗಳಿಗೆ ಬೆಲೆ ಇರಲಿ. ಆದರೆ ಒಂದು ಪಂದ್ಯಕ್ಕೆ, ಒಂದು ದಿನಕ್ಕೆ, ಒಂದು ತಂಡಕ್ಕೆ ಎಂದು ಬಿಡಿಯಾಗಿ ಕೊಳ್ಳುವ ದಾರಿ ಮಾಡಿ. ಸಿನಿಮಾ ನೋಡುವವನಿಗೆ ಚಿತ್ರಮಂದಿರದವರು ವರ್ಷದ ಟಿಕೆಟ್ ಕೊಳ್ಳಲೇಬೇಕು ಎನ್ನುವುದಿಲ್ಲ. ವಾರದಲ್ಲಿ ಒಂದೇ ದಿನ ರಜೆ ಇರುವವನು ಏಳು ದಿನದ ಹಣ ಏಕೆ ಕೊಡಬೇಕು? ಬಿಡಿ ದರ ಒಟ್ಟು ಚಂದಾ ಕೊಳ್ಳುವಂತೆ ಹೆದರಿಸುವಷ್ಟು ಎತ್ತರದಲ್ಲಿರದೆ ಲೆಕ್ಕಕ್ಕೆ ತಕ್ಕಂತಿರಲಿ. ತಿಂಗಳು ತಿಂಗಳು ಕಟ್ಟುವವನಿಗೂ ವರ್ಷಕ್ಕೆ ಕಟ್ಟುವವನಿಗೂ ಇರುವ ಅಂತರವನ್ನು ಕಿರಿದು ಮಾಡಿ.

ಹಕ್ಕುಗಳನ್ನು ಹಂಚುವಾಗ ಒಂದೇ ಟೂರ್ನಿಯನ್ನು ತುಂಡರಿಸಬೇಡಿ. ತುಂಡರಿಸಲೇಬೇಕೆಂದರೆ ಆ ತುಂಡುಗಳನ್ನೆಲ್ಲ ಒಂದೇ ಕಡೆ, ಒಂದೇ ನ್ಯಾಯವಾದ ದರಕ್ಕೆ ನೋಡುವ ವ್ಯವಸ್ಥೆಯನ್ನು ಕೊಂಡವರೆಲ್ಲ ಸೇರಿ ಮಾಡಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಯಿರಿ. ಯಾವ ಪಂದ್ಯ ಎಲ್ಲಿ ಬರುತ್ತದೆ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮುಂಚೆಯೇ ದೊಡ್ಡ ಅಕ್ಷರದಲ್ಲಿ ಹೇಳಿ. ಫೈನಲ್ ಇಲ್ಲಿಲ್ಲ ಎಂದಾದರೆ ಅದನ್ನೇ ಮೊದಲ ಸಾಲಿನಲ್ಲಿ ಹೇಳಿ. ಚಂದಾ ಬಿಡುವ ಗುಂಡಿ ಸೇರುವ ಗುಂಡಿಯಷ್ಟೇ ಹತ್ತಿರದಲ್ಲಿರಲಿ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಚಂದಾ ತಾನಾಗಿ ನಿಲ್ಲಲಿ.

ಇನ್ನೊಂದು ಸಣ್ಣದು. ಪಂದ್ಯ ಮುಗಿದ ಮರುದಿನ ಇಡೀ ಪಂದ್ಯವನ್ನು ಶಾಲೆಗಳಿಗೆ, ಗ್ರಂಥಾಲಯಗಳಿಗೆ, ವೃದ್ಧಾಶ್ರಮಗಳಿಗೆ ಉಚಿತವಾಗಿ ನೋಡಲು ಬಿಡಿ. ಮರುದಿನದ ಪಂದ್ಯಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಇಲ್ಲವೆಂದು ತಮಗೇ ಗೊತ್ತು. ಹತ್ತು ವರ್ಷದ ಮಕ್ಕಳಿಗೆ ಅದರ ಬೆಲೆ ಬೇರೆಯೇ ಇದೆ.

ಇವೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ ಎಂಬುದನ್ನು ಬಲ್ಲೆ. ಈಗಾಗಲೇ ಸಹಿಯಾದ ಒಪ್ಪಂದಗಳಿಗೆ ಅವುಗಳ ಅವಧಿಯಿದೆ. ಆದರೆ ಪ್ರತಿ ಒಪ್ಪಂದವೂ ಮೂರೋ ನಾಲ್ಕೋ ಐದೋ ವರ್ಷಕ್ಕೆ ಮುಗಿಯುತ್ತದೆ, ಹೊಸ ಟೆಂಡರ್ ಪತ್ರ ಸಿದ್ಧವಾಗುತ್ತದೆ. ಅದು ಸಿದ್ಧವಾಗುವ ಮೇಜಿನ ಮೇಲೆ ಈ ಪತ್ರದ ಒಂದು ಪ್ರತಿ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಪಂದ್ಯಗಳನ್ನು ಉಚಿತವಾಗಿ ಬಿಡುತ್ತೀರಿ ಎಂಬ ಪಟ್ಟಿಯನ್ನು ಹರಾಜಿಗೆ ಮುಂಚೆ ಬಹಿರಂಗವಾಗಿ ಪ್ರಕಟಿಸಿ, ಅದರ ಬಗ್ಗೆ ಅಭಿಮಾನಿಗಳ ಅಭಿಪ್ರಾಯ ಕೇಳಿ.

ಅಪ್ಪನಿಗೆ ಈಗ ಎಪ್ಪತ್ತಾರು. ಮುಂದಿನ ಹಕ್ಕುಗಳ ಅವಧಿ ಶುರುವಾಗುವಾಗ ಅವರಿಗೆ ಎಂಬತ್ತರ ಹತ್ತಿರ, ಮಗಳಿಗೆ ಹದಿನಾಲ್ಕರ ಹತ್ತಿರ. ಆ ಸೀಸನ್ನಿನ ಫೈನಲ್ಲನ್ನು ಅವರಿಬ್ಬರೂ ನಮ್ಮದೇ ಮನೆಯಲ್ಲಿ, ಒಂದೇ ಪರದೆಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ನೋಡುವಂತಾಗಲು ತಾವು ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರವನ್ನು ಎದುರು ನೋಡುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕ್ರೀಡಾಭಿಮಾನಿ